ಬಾಡಿಗೆಯ ಗಾನಭಂಡಾರ

ತನ್ನ ಭಂಡಾರದಲ್ಲಿರುವ ಹಾಡುಗಳ ಸಂಖ್ಯೆ ಹತ್ತು ಕೋಟಿಯನ್ನು ಮುಟ್ಟಿತೆಂದು ಆಪಲ್ ಮ್ಯೂಸಿಕ್ 2022ರ ಅಕ್ಟೋಬರ್ ತಿಂಗಳಿನಲ್ಲಿ ಸಾರಿಕೊಂಡಿತು. ಹಾಡೊಂದಕ್ಕೆ ಮೂರೇ ನಿಮಿಷವೆಂದು ಇಟ್ಟುಕೊಂಡರೂ, ನಿದ್ರಾಹಾರಗಳನ್ನು ತೊರೆದು ಹಗಲಿರುಳೂ ಕೇಳುತ್ತ ಕುಳಿತವನಿಗೆ ಅಷ್ಟನ್ನೂ ಮುಗಿಸಲು ಸುಮಾರು 570 ವರ್ಷಗಳು ಬೇಕು. ಎಂದರೆ, ಪುರಂದರದಾಸರು ಹುಟ್ಟುವುದಕ್ಕೂ ಮುಂಚೆಯೇ ಕೇಳತೊಡಗಿದ ಪುಣ್ಯಾತ್ಮನೊಬ್ಬನಿದ್ದಿದ್ದರೆ ಅವನು ಈಗೀಗ ಕಡೆಯ ಹಾಡುಗಳ ಸಮೀಪಕ್ಕೆ ಬಂದಿರುತ್ತಿದ್ದನು. ಸ್ಪಾಟಿಫೈಯೂ ಹೆಚ್ಚುಕಡಮೆ ಇದೇ ಸಂಖ್ಯೆಯನ್ನು ಹೇಳಿಕೊಳ್ಳುತ್ತದೆ. ಇಂತಿರುವಲ್ಲಿ, ಯಾರ ಭಂಡಾರ ದೊಡ್ಡದೆಂದು ಕೇಳುವುದರಿಂದ ಸಾಮಾನ್ಯ ಕೇಳುಗನಿಗೆ ಆಗತಕ್ಕ ಪ್ರಯೋಜನವೇನೂ ಇಲ್ಲ. ಅವನು ಕೇಳಬೇಕಾದ ಪ್ರಶ್ನೆಗಳು ಮೂರು: ನನಗೆ ಪ್ರಿಯವಾದ ಇನ್ನೂರು ಮುನ್ನೂರು ಹಾಡುಗಳು ಅಲ್ಲಿ ಇವೆಯೆ? ಇದ್ದರೆ, ಹುಡುಕಿದಾಗ ಕೈಗೆ ಸಿಕ್ಕುತ್ತವೆಯೆ? ಇಂದು ಸಿಕ್ಕಿದವು ನಾಳೆಯೂ ಇರುತ್ತವೆಯೆ?

ಧ್ವನಿಮುದ್ರಿತ ಸಂಗೀತವು ನಮ್ಮ ದೇಶಕ್ಕೆ ಬಂದು ಶತಮಾನಕ್ಕೂ ಮಿಗಿಲಾಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನ್ ಕಂಪನಿಯವರ ಕೊಳವೆಯ ಮುಂದೆ ನಿಂತು ಹಾಡಿದಾಗ, ಗಂಟೆಗಟ್ಟಲೆ ಹರಿಯಬಲ್ಲ ರಾಗವನ್ನು ಮೂರು ನಿಮಿಷದ ಆಸುಪಾಸಿಗೆ ಅಡಕಗೊಳಿಸಬೇಕಾಯಿತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದಾಗ, ಹಾಡು ತಟ್ಟೆಯ ಹಂಗನ್ನು ಕಳಚಿಕೊಂಡಿತಾದರೂ ಅದು ಬರುವ ಹೊತ್ತಿಗಾಗಿ ಶ್ರೋತೃವು ಕಾದಿರಬೇಕಾಗಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ವು ಧ್ವನಿಸುರುಳಿಯಾಗಿ ಹೊರಬಂದ ಮೇಲೆ, ಭಾವಗೀತೆಯನ್ನು ಅಂಗಡಿಯಲ್ಲಿ ಕೊಂಡು, ಮನೆಯ ಕಪಾಟಿನಲ್ಲಿಟ್ಟು, ಬೇಕೆಂದಾಗ ಬೇಕಾದಷ್ಟು ಸಲ ಕೇಳುವ ಸೌಕರ್ಯ ಕನ್ನಡಿಗನಿಗೆ ಒದಗಿತು. ಸ್ಟ್ರೀಮಿಂಗ್ ಎಂದು ಇಂದು ಎಲ್ಲರೂ ಕರೆಯುವ ವ್ಯವಸ್ಥೆಯಲ್ಲಿ ಕಾಯುವ ಕಷ್ಟವೂ ಇಲ್ಲ, ಕೊಳ್ಳುವ ಖರ್ಚೂ ಇಲ್ಲ. ಆದರೆ ಕೊಳ್ಳದೆ ಇರುವುದರಿಂದ ಒಡೆತನವೂ ಇಲ್ಲ. ಇದು ಬಾಡಿಗೆಯ ಸಂಗೀತ. ಈ ಮಾತನ್ನು ಆರಂಭದಲ್ಲಿಯೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅನೇಕ ಗೊಂದಲಗಳು ತಾವಾಗಿಯೇ ಪರಿಹಾರವಾಗುತ್ತವೆ.

ಈ ವ್ಯವಸ್ಥೆಯ ಮೂಲದಲ್ಲಿ ಒಂದು ಅಕ್ರಮವುಂಟು. 1999ರಲ್ಲಿ ಅಮೆರಿಕದಲ್ಲಿ ತಲೆಯೆತ್ತಿದ ನ್ಯಾಪ್‌ಸ್ಟರ್, ಒಬ್ಬರ ಕಂಪ್ಯೂಟರಿನಲ್ಲಿದ್ದ ಹಾಡನ್ನು ಮತ್ತೊಬ್ಬರು ಹಣ ಕೊಡದೆ ಪಡೆದುಕೊಳ್ಳುವ ದಾರಿಯನ್ನು ತೆರೆಯಿತು. ಹಕ್ಕುದಾರರು ನ್ಯಾಯಾಲಯಕ್ಕೆ ಹೋಗಿ 2001ರಲ್ಲಿ ಅದನ್ನು ನಿಲ್ಲಿಸಿದರಾದರೂ, ಒಮ್ಮೆ ರುಚಿ ಕಂಡ ಕೇಳುಗರನ್ನು ಮರಳಿ ಅಂಗಡಿಗೆ ಕರೆತರುವುದು ಅವರಿಂದಾಗಲಿಲ್ಲ. 2003ರಲ್ಲಿ ಆಪಲ್ ಸಂಸ್ಥೆ ಹಾಡೊಂದಕ್ಕೆ 99 ಸೆಂಟುಗಳಂತೆ ಮಾರಾಟಕ್ಕಿಳಿಯಿತು. ಕದ್ದು ತರುವುದಕ್ಕಿಂತ ನ್ಯಾಯವಾಗಿ ಕೇಳುವುದೇ ಸುಲಭವಾಗುವಂತೆ ಮಾಡಿದರೆ ಜನ ತಾವಾಗಿ ಬರುತ್ತಾರೆಂಬ ನಂಬಿಕೆಯಿಂದ, 2006ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಡೇನಿಯಲ್ ಏಕ್ ಮತ್ತು ಮಾರ್ಟಿನ್ ಲೊರೆಂಟ್ಸನ್ ಎಂಬಿಬ್ಬರು ಕಟ್ಟಿದ ಸ್ಪಾಟಿಫೈ 2008ರಲ್ಲಿ ಬಳಕೆಗೆ ಬಂದಿತು. ಜಾಹೀರಾತನ್ನು ಸಹಿಸಿಕೊಳ್ಳುವವರಿಗೆ ಉಚಿತ, ಸಹಿಸಲಾರದವರಿಗೆ ತಿಂಗಳ ಚಂದಾ ಎಂಬ ಎರಡು ಬಾಗಿಲುಗಳ ಪದ್ಧತಿ ಇಂದಿಗೂ ಹಲವು ಸೇವೆಗಳಲ್ಲಿ ನಡೆದುಬರುತ್ತಿದೆ.

ಭಾರತದಲ್ಲಿ ಸ್ಪಾಟಿಫೈ ಬಂದದ್ದು 2019ರ ಫೆಬ್ರವರಿಯಲ್ಲಿ. ಯೂಟ್ಯೂಬ್ ಮ್ಯೂಸಿಕ್ ಅದರ ಮರು ತಿಂಗಳಿನಲ್ಲಿ. ಅವೆರಡಕ್ಕೂ ಬಹು ಮುಂಚೆಯೇ ಇಲ್ಲಿ ಸಾವನ್, ಗಾನಾ, ಹಂಗಾಮಾಗಳು ಬೇರೂರಿದ್ದವು. 2014ರಲ್ಲಿ ಏರ್‌ಟೆಲ್ಲಿನ ವಿಂಕ್ ಬಂದಿತ್ತು. 2015ರಲ್ಲಿ ಆಪಲ್, 2018ರಲ್ಲಿ ಅಮೆಜಾನ್ ಬಂದಿದ್ದವು. ಸಾವನ್ ಅದೇ 2018ರಲ್ಲಿ ಜಿಯೋದೊಡನೆ ಕೂಡಿಕೊಂಡು ಜಿಯೋಸಾವನ್ ಆಗಿತ್ತು. ಬಂದವರೆಲ್ಲರೂ ಉಳಿಯಲಿಲ್ಲ. ಗಾನಾ 2022ರಲ್ಲಿ ಉಚಿತದ ಬಾಗಿಲನ್ನು ಮುಚ್ಚಿತು. ರೆಸ್ಸೊ ಎಂಬ ಸೇವೆ 2024ರ ಜನವರಿಯ ಕೊನೆಗೆ ಭಾರತದಿಂದ ಹೊರಟುಹೋಯಿತು. ಅದೇ ವರ್ಷ ವಿಂಕ್ ಕೂಡ ನಿಂತಿತು. ವರ್ಷಾಂತರಗಳಿಂದ ಒಂದೊಂದಾಗಿ ಆರಿಸಿ ಜೋಡಿಸಿದ ಪ್ಲೇಲಿಸ್ಟುಗಳನ್ನು ಬೇರೆಡೆಗೆ ಸಾಗಿಸುವ ಶ್ರಮ ಅವುಗಳ ಬಳಕೆದಾರರ ಪಾಲಿಗೆ ಬಂತು.

ಇನ್ನು ಮೊದಲನೆಯ ಪ್ರಶ್ನೆಯನ್ನು ಪರ್ಯಾಲೋಚಿಸೋಣ. ಹಾಡು ಒಂದು ಸೇವೆಯಲ್ಲಿರಬೇಕಾದರೆ ಆ ಹಾಡಿನ ಹಕ್ಕುಳ್ಳ ಧ್ವನಿಮುದ್ರಣ ಸಂಸ್ಥೆಯೊಡನೆ ಒಪ್ಪಂದವಾಗಿರಬೇಕು. ಕನ್ನಡದ ಚಿತ್ರಗೀತೆ, ಭಾವಗೀತೆ, ಭಕ್ತಿಗೀತೆಗಳ ಹಕ್ಕುಗಳು ಲಹರಿ, ಆನಂದ್, ಝೇಂಕಾರ್ ಮೊದಲಾದ ನಮ್ಮ ಊರಿನ ಸಂಸ್ಥೆಗಳಲ್ಲಿಯೂ, ಹಳೆಯ ಎಚ್‌ಎಂವಿ ತಟ್ಟೆಗಳಿಗೆ ವಾರಸುದಾರನಾದ ಸಾರೆಗಮದಲ್ಲಿಯೂ ಹಂಚಿಹೋಗಿವೆ. 2019ರಲ್ಲಿ ಸಾರೆಗಮ ತನ್ನ ಸಂಗ್ರಹವನ್ನು ಸ್ಪಾಟಿಫೈಯಿಂದ ಹಿಂದಕ್ಕೆ ಪಡೆದು, 2020ರಲ್ಲಿ ಹೊಸ ಒಪ್ಪಂದವಾಗುವವರೆಗೆ ದೂರವಿದ್ದುದರಿಂದ, ಆ ನಡುವೆ ಎಚ್‌ಎಂವಿ ಕಾಲದ ಹಾಡುಗಳನ್ನು ಅರಸಿ ಸ್ಪಾಟಿಫೈಗೆ ಹೋದವರು ಬರಿಗೈಯಲ್ಲಿ ಮರಳಬೇಕಾಯಿತು. 2023ರ ಮಾರ್ಚಿನಲ್ಲಿ ಜೀ ಮ್ಯೂಸಿಕ್ಕಿನ ಹಾಡುಗಳು ಅಲ್ಲಿಂದಲೇ ಮರೆಯಾದುದೂ ಇದೇ ಕಾರಣದಿಂದ. ಹಕ್ಕುಗಳನ್ನು ದೇಶದೇಶಕ್ಕೆ ಪ್ರತ್ಯೇಕವಾಗಿ ಕೊಡುವ ರೂಢಿಯಿರುವುದರಿಂದ, ಬೆಂಗಳೂರಿನಲ್ಲಿ ನುಡಿಯುವ ಹಾಡು ಕ್ಯಾಲಿಫೋರ್ನಿಯದಲ್ಲಿರುವ ಮಗಳ ಫೋನಿನಲ್ಲಿ ಬೂದುಬಣ್ಣಕ್ಕೆ ತಿರುಗಿ ಮೌನವಾಗಿರುವುದೂ ಉಂಟು. ಫೋನು ಕೆಟ್ಟಿತೆಂದು ಅವಳು ಚಿಂತಿಸಬೇಕಾಗಿಲ್ಲ, ಕೆಟ್ಟಿರುವುದು ಒಪ್ಪಂದ.

ಎರಡನೆಯ ಪ್ರಶ್ನೆ ಹುಡುಕಾಟದ್ದು. ಕನ್ನಡ ಕೇಳುಗನಿಗೆ ಸೇವೆ ಸೇವೆಗೂ ನಡುವಣ ಅಂತರ ನಿಜವಾಗಿ ಗೋಚರವಾಗುವುದು ಇಲ್ಲಿಯೇ. ಪುರಂದರದಾಸರ ‘ಜಗದೋದ್ಧಾರನ’ ಎಂಬ ಪ್ರಸಿದ್ಧ ಪದವನ್ನು ತೆಗೆದುಕೊಳ್ಳಿ. ಆ್ಯಪಿನ ಗುಂಡಿಗಳೆಲ್ಲ ಕನ್ನಡದಲ್ಲಿದ್ದರೂ ಹಾಡಿನ ಹೆಸರು ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿಯೇ ಇರುತ್ತದೆ; ದಕಾರವನ್ನು ಒಬ್ಬರು ಒಂದು ಅಕ್ಷರದಲ್ಲಿ ಬರೆದರೆ ಇನ್ನೊಬ್ಬರು ಎರಡರಲ್ಲಿ ಬರೆಯುತ್ತಾರೆ, ಮಹಾಪ್ರಾಣವನ್ನು ಒಬ್ಬರು ಉಳಿಸಿದರೆ ಇನ್ನೊಬ್ಬರು ಕೈಬಿಡುತ್ತಾರೆ, ತಮಿಳುನಾಡಿನ ಸಂಸ್ಥೆ ಹೊರತಂದ ಮುದ್ರಿಕೆಯಲ್ಲಿ ಅಲ್ಲಿಯ ರೂಢಿಯ ಕಾಗುಣಿತವೇ ಇರುತ್ತದೆ. ಹೀಗೆ ಒಂದೇ ಪದ ನಾಲ್ಕೈದು ವೇಷಗಳಲ್ಲಿ ಹರಡಿಕೊಂಡಿರುವಾಗ, ಉತ್ತಮವಾದ ಸೇವೆ ಯಾವುದೆಂದರೆ, ನೀವು ಯಾವ ವೇಷವನ್ನು ಬರೆದರೂ, ಕನ್ನಡ ಲಿಪಿಯಲ್ಲಿಯೇ ಬರೆದರೂ, ಎಂ. ಎಲ್. ವಸಂತಕುಮಾರಿಯವರ ಗಾಯನವನ್ನೂ ಇತರರ ಗಾಯನಗಳನ್ನೂ ಒಟ್ಟಿಗೆ ತಂದು ನಿಮ್ಮ ಮುಂದಿಡುವಂಥದು. ಇದನ್ನು ಯಾವ ಪ್ರಕಟಣೆಯೂ ನಿಮಗೆ ಹೇಳಲಾರದು. ಎರಡು ಆ್ಯಪುಗಳಲ್ಲಿ ಇದೊಂದೇ ಪದವನ್ನು ಮೂರು ಬಗೆಯಾಗಿ ಬರೆದು ನೋಡಿದರೆ ಐದು ನಿಮಿಷದಲ್ಲಿ ವಿದಿತವಾಗುತ್ತದೆ.

ಹಾಡಿನ ಹೆಸರಿನಷ್ಟೇ ಮುಖ್ಯವಾದುದು ಅದರ ಜೊತೆಗಿರುವ ವಿವರ. ಪಾಶ್ಚಾತ್ಯ ಜನಪ್ರಿಯ ಗೀತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿವರಗಳ ಚೌಕಟ್ಟನ್ನು ರಚಿಸಿದವರಿಗೆ ಹಾಡು, ಗಾಯಕ, ಆಲ್ಬಮ್ ಎಂಬ ಮೂರು ಮನೆಗಳು ಸಾಕೆಂದು ತೋರಿತು. ನಮ್ಮ ಸಂಗೀತಕ್ಕೆ ಅವು ಸಾಲವು. ಭಾವಗೀತೆಯಲ್ಲಿ ಮೈಸೂರು ಅನಂತಸ್ವಾಮಿಯವರ ಅಥವಾ ಸಿ. ಅಶ್ವತ್ಥರ ಹೆಸರಿದ್ದರೂ ಬೇಂದ್ರೆ, ಕುವೆಂಪು, ನರಸಿಂಹಸ್ವಾಮಿಗಳ ಹೆಸರು ಅದರ ಪಕ್ಕದಲ್ಲಿ ಕಾಣಸಿಗುವುದು ಅಪರೂಪ. ಕರ್ನಾಟಕ ಸಂಗೀತದ ಕಚೇರಿಯಲ್ಲಿ ರಾಗದ ಹೆಸರು ಕೆಲವೊಮ್ಮೆ ಇರುತ್ತದೆ, ಪಕ್ಕವಾದ್ಯದವರ ಹೆಸರು ಬಹಳ ಸಲ ಇರುವುದೇ ಇಲ್ಲ. ಏಳು ತಂತಿಯ ಪಿಟೀಲಿನ ಚೌಡಯ್ಯನವರು ಯಾರು ಯಾರಿಗೆ ನುಡಿಸಿದರೆಂದು ತಿಳಿಯಬಯಸುವವನಿಗೆ ಹುಡುಕುವ ಪೆಟ್ಟಿಗೆ ಹೆಚ್ಚಿನ ನೆರವನ್ನು ಕೊಡಲಾರದು. ಚಿತ್ರಗೀತೆಯ ತೊಡಕು ಬೇರೆ ಬಗೆಯದು. ರಾಜಕುಮಾರರ ಹಾಡುಗಳೆಂದು ನಾವು ಕೇಳುವಾಗ, ಪಿ. ಬಿ. ಶ್ರೀನಿವಾಸರು ಅವರಿಗಾಗಿ ಹಾಡಿದವೂ ನಮ್ಮ ಮನಸ್ಸಿನಲ್ಲಿರುತ್ತವೆ, 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ಮುಂದೆ ಅವರು ಸ್ವತಃ ಹಾಡಿದವೂ ಇರುತ್ತವೆ. ನಟನಟಿಯರ ಹೆಸರನ್ನೂ ನಮೂದಿಸುವ ಭಾರತೀಯ ಸೇವೆಗಳು ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಿದೇಶೀಯರಿಗಿಂತ ಚೆನ್ನಾಗಿ ಗ್ರಹಿಸುತ್ತವೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರು ಇದೇ ಬಗೆಯ ದೂರನ್ನು ಬಹುಕಾಲ ಹೇಳುತ್ತಲೇ ಬಂದುದರಿಂದ, ಆಪಲ್ ಸಂಸ್ಥೆ 2021ರಲ್ಲಿ ಪ್ರೈಮ್‌ಫೋನಿಕ್ ಎಂಬ ಸೇವೆಯನ್ನು ಕೊಂಡುಕೊಂಡು, 2023ರಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಬೇರೆ ಆ್ಯಪೊಂದನ್ನು ಹೊರತಂದಿತು. ರಾಗ, ತಾಳ, ವಾಗ್ಗೇಯಕಾರ, ಪಕ್ಕವಾದ್ಯಗಳನ್ನು ಒಳಗೊಂಡ ಅಂಥ ಚೌಕಟ್ಟು ನಮ್ಮ ಸಂಗೀತಕ್ಕೂ ಒದಗಬೇಕಾದುದು ನ್ಯಾಯ.

ಉಚಿತವಾಗಿ ಕೇಳುವವರು ತಿಳಿದಿರಬೇಕಾದ ಒಂದು ಸಂಗತಿಯುಂಟು. ಹಿಂದುಸ್ತಾನಿ ಗಾಯಕರ ಒಂದು ರಾಗವನ್ನು ಧ್ವನಿಮುದ್ರಿಕೆಯಲ್ಲಿ ವಿಲಂಬಿತ ಖ್ಯಾಲಿಗೆ ಒಂದು, ದ್ರುತ ಖ್ಯಾಲಿಗೆ ಒಂದು ಎಂಬಂತೆ ಎರಡು ಭಾಗ ಮಾಡಿರುವುದು ಸಾಮಾನ್ಯ. ಉಚಿತದ ಶ್ರೇಣಿಯಲ್ಲಿ ಹಾಡುಗಳನ್ನು ಕಲಸಿ ನುಡಿಸುವ ನಿಯಮವಿರುವ ಸೇವೆಯಲ್ಲಿ ದ್ರುತವು ಮೊದಲು ಬಂದು, ಅದರ ಬೆನ್ನಿಗೇ ಸಾಬೂನಿನ ಜಾಹೀರಾತೊಂದು ಬಂದು, ಆಮೇಲೆ ವಿಲಂಬಿತದ ಆಲಾಪ ಆರಂಭವಾದರೆ, ರಾಗವು ಮೆಲ್ಲಮೆಲ್ಲನೆ ಅರಳಿ ವೇಗವನ್ನು ಪಡೆಯುವ ಕ್ರಮವೇ ತಲೆಕೆಳಗಾಗುತ್ತದೆ. ಚಿತ್ರಗೀತೆಗೆ ಇದರಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ. ಶಾಸ್ತ್ರೀಯ ಸಂಗೀತವನ್ನು ಕೇಳತಕ್ಕವರಿಗೆ ಚಂದಾ ಕೊಡಲು ಇದೊಂದೇ ಕಾರಣ ಸಾಕು. ಒಬ್ಬರ ಚಂದಾ ಸಾಮಾನ್ಯವಾಗಿ ತಿಂಗಳಿಗೆ ಇನ್ನೂರು ರೂಪಾಯಿಗಳ ಒಳಗೇ ಇರುತ್ತದೆ. ಆಪಲ್, ಯೂಟ್ಯೂಬ್ ಮೊದಲಾದವುಗಳಲ್ಲಿ ಆರು ಮಂದಿಯವರೆಗಿನ ಕುಟುಂಬಕ್ಕೆ ಪ್ರತ್ಯೇಕ ಯೋಜನೆಯುಂಟು.

ಯೂಟ್ಯೂಬ್ ಮ್ಯೂಸಿಕ್ಕಿಗೆ ಇತರರಿಗಿಲ್ಲದ ಒಂದು ಅನುಕೂಲವಿದೆ. ಅಲ್ಲಿ ಧ್ವನಿಮುದ್ರಣ ಸಂಸ್ಥೆಗಳು ಕೊಟ್ಟದ್ದಲ್ಲದೆ ಜನರು ತಾವಾಗಿ ಯೂಟ್ಯೂಬಿಗೆ ಏರಿಸಿದ್ದೂ ಸಿಕ್ಕುವುದರಿಂದ, ಅಂಗಡಿಯ ಮುಖವನ್ನೇ ಕಾಣದ ತಾಳಮದ್ದಳೆ, ಊರ ಭಜನೆ, ಸೋಬಾನೆ ಪದ, ಹಳೆಯ ಕಚೇರಿ ಇವು ಅಲ್ಲಿ ಹೇರಳವಾಗಿ ದೊರೆಯುತ್ತವೆ. ಆದರೆ ಏರಿಸಿದವರಿಗೆ ಹಕ್ಕಿತ್ತೋ ಇಲ್ಲವೋ ಎಂಬುದು ಯಾವಾಗಲೂ ನಿಶ್ಚಿತವಲ್ಲ, ಧ್ವನಿಯ ಗುಣವೂ ಏಕರೂಪವಲ್ಲ, ಇಂದು ಇದ್ದುದು ನಾಳೆ ತೆಗೆಯಲ್ಪಡುವ ಸಂಭವವೂ ಅಲ್ಲಿ ಹೆಚ್ಚು.

ಹೊಸ ಹಾಡನ್ನು ತಾವಾಗಿ ಹುಡುಕಿಕೊಡುವ ಶಕ್ತಿ ತಮಗಿದೆಯೆಂದು ಈ ಸೇವೆಗಳೆಲ್ಲ ಹೇಳಿಕೊಳ್ಳುತ್ತವೆ. ಅದರ ಹಿಂದಿರುವ ಉಪಾಯಗಳು ಮುಖ್ಯವಾಗಿ ಎರಡು. ಅಮೆರಿಕದ ಪಾಂಡೋರಾ ಸಂಸ್ಥೆಯವರು 2000ದ ಇಸವಿಯಿಂದ ಸಂಗೀತಜ್ಞರನ್ನು ಕೂರಿಸಿ, ಪ್ರತಿಯೊಂದು ಹಾಡನ್ನೂ ಕೇಳಿಸಿ, ಅದರ ಲಯ, ಶ್ರುತಿ, ವಾದ್ಯ, ಕಂಠ ಮೊದಲಾದ ನೂರಾರು ಲಕ್ಷಣಗಳನ್ನು ಗುರುತು ಹಾಕಿಸಿದರು. ಇದು ಒಂದು ಉಪಾಯ. ನೀವು ಮೆಚ್ಚಿದ ಹಾಡುಗಳನ್ನೇ ಮೆಚ್ಚಿದ ಇತರರನ್ನು ಕಂಡುಹಿಡಿದು, ಅವರು ಕೇಳಿದ್ದು ನೀವು ಕೇಳದಿರುವುದು ಯಾವುದೋ ಅದನ್ನು ನಿಮ್ಮ ಮುಂದಿಡುವುದು ಇನ್ನೊಂದು. 2002ರಲ್ಲಿ ಹುಟ್ಟಿದ ಲಾಸ್ಟ್ ಎಫ್‌ಎಂ ಈ ಎರಡನೆಯ ದಾರಿಯಲ್ಲಿ ಮುಂದುವರಿಯಿತು. 2015ರಿಂದ ಸ್ಪಾಟಿಫೈ ಪ್ರತಿ ಸೋಮವಾರ ಮೂವತ್ತು ಹಾಡುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಕೊಡತೊಡಗಿದಾಗ ಅದಕ್ಕೆ ಲೋಕಪ್ರಸಿದ್ಧಿ ಬಂದಿತು. ಈ ಎರಡನೆಯ ಉಪಾಯವು ಬಹುಜನ ಕೇಳುವ ಸಂಗೀತದಲ್ಲಿ ಚೆನ್ನಾಗಿ ನಡೆಯುತ್ತದೆ, ಕೆಲವರೇ ಕೇಳುವ ಸಂಗೀತದಲ್ಲಿ ತಡವರಿಸುತ್ತದೆ. ಏಕೆಂದರೆ ಹೋಲಿಸಿ ನೋಡಲು ಅದಕ್ಕೆ ಜನ ಸಾಲರು. ವಚನಗಾಯನವನ್ನೋ ಗಮಕವನ್ನೋ ಕೇಳುವವನಿಗೆ ನಾಲ್ಕು ದಿನಗಳಲ್ಲಿ ನಿನ್ನೆಮೊನ್ನೆಯ ಚಿತ್ರಗೀತೆ ಬಂದು ತಗಲಿಕೊಳ್ಳುವುದೂ, ಮೊಮ್ಮಗಳಿಗೆಂದು ಶಿಶುಗೀತೆ ಹಾಕಿದ ಅಜ್ಜನ ಪಟ್ಟಿಯಲ್ಲಿ ಆನೆ ಕುದುರೆಗಳು ವಾರಗಟ್ಟಲೆ ಮೆರೆಯುವುದೂ ಇದರ ಫಲವೇ. ಮಕ್ಕಳಿಗೆ ಹಾಕುವಾಗ, ಸೆಟ್ಟಿಂಗ್ಸಿನಲ್ಲಿ ಖಾಸಗಿ ಆಲಿಕೆಯ ಗುಂಡಿಯಿರುವ ಸೇವೆಗಳಲ್ಲಿ ಅದನ್ನು ಒತ್ತಿದರೆ ಆ ಹಾಡುಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಸೇರುವುದಿಲ್ಲ. ಬೇಡದ್ದು ಬಂದಾಗ ಬೇಡವೆಂದು ಗುರುತು ಹಾಕುವ ಸೌಕರ್ಯವೂ ಬಹುತೇಕ ಸೇವೆಗಳಲ್ಲಿದೆ. ಅಷ್ಟಾದರೂ, ಸಂಗೀತ ಬಲ್ಲ ಸ್ನೇಹಿತನೊಬ್ಬನು ಕಾರಣಸಹಿತವಾಗಿ ಸೂಚಿಸಿದ ಒಂದು ಹಾಡಿಗೆ ಯಂತ್ರದ ಮೂವತ್ತು ಹಾಡುಗಳು ಸಮನಾಗುವುದು ಅಪೂರ್ವ.

ಧ್ವನಿಯ ಗುಣದ ವಿಷಯದಲ್ಲಿ ಜಾಹೀರಾತುಗಳ ಆರ್ಭಟಕ್ಕೆ ಮರುಳಾಗಬೇಕಾಗಿಲ್ಲ. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 1411 ಕಿಲೋಬಿಟ್‌ಗಳಷ್ಟು ಮಾಹಿತಿಯಿರುತ್ತದೆ. ಕಿವಿಗೆ ಅಷ್ಟಾಗಿ ಗೊತ್ತಾಗದ ಅಂಶಗಳನ್ನು ಕಳೆದು ಅದನ್ನು 320ಕ್ಕೋ 256ಕ್ಕೋ ಇಳಿಸಿ ಕಳುಹಿಸುವುದು ಸೇವೆಗಳ ವಾಡಿಕೆ. ಏನನ್ನೂ ಕಳೆಯದೆ ಕೊಡುವ ಲಾಸ್‌ಲೆಸ್ ಪದ್ಧತಿಯನ್ನು ಆಪಲ್ 2021ರಿಂದ ಹೆಚ್ಚಿನ ಹಣವಿಲ್ಲದೆ ಕೊಡುತ್ತಿದೆ. ಫ್ರಾನ್ಸಿನ ಕೊಬಜ್, ಮತ್ತು ಟೈಡಲ್ ಎಂಬ ಸೇವೆಗಳು ಇದನ್ನೇ ತಮ್ಮ ವೈಶಿಷ್ಟ್ಯವಾಗಿ ಮಾಡಿಕೊಂಡಿವೆ. ಆದರೆ ಸಾಧಾರಣ ಬ್ಲೂಟೂತ್ ಇಯರ್‌ಫೋನು ಬಂದ ಧ್ವನಿಯನ್ನು ಮತ್ತೊಮ್ಮೆ ಕುಗ್ಗಿಸಿಯೇ ಕಿವಿಗೆ ಮುಟ್ಟಿಸುವುದರಿಂದ ಆ ಸೂಕ್ಷ್ಮತೆ ದಾರಿಯಲ್ಲಿಯೇ ಸೋರಿಹೋಗುತ್ತದೆ. 78 ಸುತ್ತಿನ ತಟ್ಟೆಯಿಂದ ತೆಗೆದ ಹಾಡಿನಲ್ಲಿ ಮೂಲದಲ್ಲಿಯೇ ಇಲ್ಲದ ಸೂಕ್ಷ್ಮತೆಯನ್ನು ಯಾವ ಲಾಸ್‌ಲೆಸ್ಸೂ ತಂದುಕೊಡಲಾರದು. ಡೇಟಾದ ಲೆಕ್ಕ ಸರಳವಾದುದು: 320ರಲ್ಲಿ ಗಂಟೆಗೆ ಸುಮಾರು 144 ಎಂಬಿ, 96ರಲ್ಲಿ ಸುಮಾರು 43 ಎಂಬಿ. ಮನೆಯ ವೈಫೈಯಲ್ಲಿ ಡೌನ್‌ಲೋಡ್ ಮಾಡಿಕೊಂಡು ಪ್ರಯಾಣದಲ್ಲಿ ಕೇಳಿದರೆ ಅದೂ ಉಳಿಯುತ್ತದೆ. ಆದರೆ ಹೀಗೆ ಇಳಿಸಿಕೊಂಡದ್ದು ನಮ್ಮ ಸ್ವತ್ತಾಯಿತೆಂದು ಭಾವಿಸಕೂಡದು; ನಾಳೆಯೂ ಇರುತ್ತವೆಯೆ ಎಂಬ ಮೂರನೆಯ ಪ್ರಶ್ನೆ ಇಲ್ಲಿಯೂ ಎದುರಾಗುತ್ತದೆ. ಸ್ಪಾಟಿಫೈಯಲ್ಲಿ ಮೂವತ್ತು ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಮುಖ ತೋರಿಸದಿದ್ದರೆ ಅವು ನುಡಿಯುವುದನ್ನು ನಿಲ್ಲಿಸುತ್ತವೆ, ಚಂದಾ ನಿಂತರೆ ಅಂದಿಗೇ ಮುಗಿಯಿತು.

ನಾವು ಕೊಟ್ಟ ಹಣ ಹಾಡಿದವರಿಗೆ ಮುಟ್ಟುತ್ತದೆಯೆ ಎಂಬ ಪ್ರಶ್ನೆ ಸಹೃದಯನಿಗೆ ಬರುವುದು ಸಹಜ. ಸ್ಪಾಟಿಫೈಯಂಥ ದೊಡ್ಡ ಸೇವೆಗಳಲ್ಲಿ ನಡೆದುಬಂದಿರುವ ಪದ್ಧತಿಯಂತೆ ಎಲ್ಲ ಚಂದಾದಾರರ ಹಣವೂ ಒಂದೇ ಹುಂಡಿಗೆ ಬಿದ್ದು, ಸೇವೆಯವರು ತಮ್ಮ ಭಾಗವನ್ನು ತೆಗೆದುಕೊಂಡ ಮೇಲೆ, ಉಳಿದ ದೊಡ್ಡ ಪಾಲು ಒಟ್ಟು ಎಷ್ಟು ಸಲ ಯಾರ ಹಾಡು ನುಡಿಯಿತೆಂಬ ಪ್ರಮಾಣದಲ್ಲಿ ಹಕ್ಕುದಾರರಿಗೆ ಹಂಚಿಹೋಗುತ್ತದೆ. ಆದುದರಿಂದ ತಿಂಗಳೆಲ್ಲ ಗಂಗೂಬಾಯಿ ಹಾನಗಲ್ಲರನ್ನು ಮಾತ್ರ ಕೇಳಿದವನ ಹಣದಲ್ಲಿಯೂ ಬಹುಪಾಲು ಅವನು ಹೆಸರನ್ನೇ ಕೇಳದ ಗಾಯಕರ ಕಡೆಗೆ ಹೋಗುತ್ತದೆ. ಮೂವತ್ತು ಸೆಕೆಂಡು ನುಡಿದರೆ ಒಂದು ಎಣಿಕೆ. ಮೂರು ನಿಮಿಷದ ಚಿತ್ರಗೀತೆಗೂ ನಲವತ್ತು ನಿಮಿಷದ ಖ್ಯಾಲಿಗೂ ಎಣಿಕೆ ಒಂದೇ. 2024ರಿಂದ ಸ್ಪಾಟಿಫೈಯಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲ ನುಡಿಯದ ಹಾಡಿಗೆ ಗೌರವಧನವೇ ಇಲ್ಲ. ಪ್ರತಿ ಚಂದಾದಾರನ ಹಣ ಅವನು ಕೇಳಿದವರಿಗೇ ಹೋಗಲೆಂಬ ಪದ್ಧತಿಯನ್ನು ಸೌಂಡ್‌ಕ್ಲೌಡ್ 2021ರಲ್ಲಿ ಆರಂಭಿಸಿತು. ಕಲಾವಿದರಿಂದ ನೇರವಾಗಿ ಕೊಳ್ಳುವ ಅವಕಾಶವನ್ನು ಬ್ಯಾಂಡ್‌ಕ್ಯಾಂಪ್ 2008ರಿಂದ ನಡೆಸುತ್ತಿದೆ. ಚಿತ್ರಗೀತೆಯ ಕವಿಗೂ ಸಂಗೀತ ನಿರ್ದೇಶಕನಿಗೂ ಗೌರವಧನದಲ್ಲಿ ಪಾಲಿರುವ ಹಕ್ಕನ್ನು ನಮ್ಮ ದೇಶದ ಕಾನೂನು 2012ರ ತಿದ್ದುಪಡಿಯಿಂದ ದೃಢಪಡಿಸಿತೆಂಬುದು ಈ ನಡುವಣ ಒಂದು ಸಮಾಧಾನ.

ಹಣವನ್ನೇ ಬೇಡದ ಭಂಡಾರಗಳೂ ಉಂಟು. ಆಕಾಶವಾಣಿಯ ‘ರಾಗಂ’ ಎಂಬ ಶಾಸ್ತ್ರೀಯ ಸಂಗೀತದ ವಾಹಿನಿ 2016ರ ಗಣರಾಜ್ಯೋತ್ಸವದಂದು ಬೆಂಗಳೂರಿನಿಂದ ಆರಂಭವಾಯಿತು. ಅದನ್ನೂ ಆಕಾಶವಾಣಿಯ ಇತರ ನಿಲಯಗಳನ್ನೂ ಫೋನಿನಲ್ಲಿಯೇ ಕೇಳಬಹುದು. ರಸಿಕರು ತಾವಾಗಿ ನಡೆಸುವ ಸಂಗೀತಪ್ರಿಯ ಎಂಬ ತಾಣದಲ್ಲಿ, ಮಾರಾಟಕ್ಕೆ ಬಾರದ ಕರ್ನಾಟಕ ಸಂಗೀತದ ಹಳೆಯ ಕಚೇರಿಗಳ ದೊಡ್ಡ ಸಂಗ್ರಹವಿದೆ.

ಹಾಗಾದರೆ ಯಾವುದು ಉತ್ತಮ? ಹೊಸ ಚಿತ್ರಗೀತೆಯೊಂದೇ ಬೇಕಾದವರಿಗೆ ಎಲ್ಲವೂ ಒಂದೇ; ಫೋನಿನ ರೀಚಾರ್ಜಿನ ಜೊತೆಗೆ ಯಾವುದು ಬರುತ್ತದೆಯೋ ಅದೇ ಸಾಕು. ಜಾನಪದವನ್ನೂ ಅಪರೂಪದ ಕಚೇರಿಗಳನ್ನೂ ಅರಸುವವರಿಗೆ ಯೂಟ್ಯೂಬ್ ಮ್ಯೂಸಿಕ್ ಹೊಂದುತ್ತದೆ. ಒಳ್ಳೆಯ ಸ್ಪೀಕರನ್ನು ತಂತಿಯಿಂದ ಜೋಡಿಸಿ ಕೂತು ಕೇಳುವವರಿಗೆ ಆಪಲ್. ಕೇಳಿರದ ಹಾಡುಗಳ ಪರಿಚಯವನ್ನು ಬಯಸುವವರಿಗೆ ಸ್ಪಾಟಿಫೈ. ಹಾಡಿನೊಡನೆ ಚಿತ್ರವನ್ನೂ ನಟನಟಿಯರನ್ನೂ ನೆನೆಯುವವರಿಗೆ ಜಿಯೋಸಾವನ್. ಮನೆಯವರೆಲ್ಲ ಕೂಡಿ ತಮಗೆ ಬೇಕಾದ ಇಪ್ಪತ್ತು ಹಾಡುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅದರಲ್ಲಿ ಒಂದು ದೇವರನಾಮ, ಒಂದು ವಚನ, ಒಂದು ಭಾವಗೀತೆ, ಒಂದು ಹಳೆಯ ಚಿತ್ರಗೀತೆ, ಒಂದು ದೀರ್ಘವಾದ ರಾಗ ತಪ್ಪದೆ ಇರಲಿ. ಹೊಸಬರಿಗೆ ಪರೀಕ್ಷಾರ್ಥವಾಗಿ ಕೊಡುವ ಉಚಿತ ಅವಧಿಯಲ್ಲಿ ಎರಡು ಸೇವೆಗಳನ್ನು ಆ ಹಾಳೆಯಿಂದಲೇ ಅಳೆದು ನೋಡಿ. ವರ್ಷದ ಚಂದಾವನ್ನು ಮೊದಲಿಗೇ ಕಟ್ಟಬೇಡಿ. ಯಾವುದನ್ನು ಆರಿಸಿಕೊಂಡರೂ, ಕಪಾಟಿನ ಮೇಲಣ ಹಳೆಯ ಧ್ವನಿಸುರುಳಿಗಳನ್ನೂ ತಟ್ಟೆಗಳನ್ನೂ ಗುಜರಿಗೆ ಹಾಕಬೇಡಿ: ಮದುವೆಮನೆಯ ಹಾಡು, ಊರ ಜಾತ್ರೆಯ ಪದ, ಸಣ್ಣ ಸಂಸ್ಥೆಯೊಂದು ಹೊರತಂದು ಮರೆತ ಗಾಯಕನ ಕಂಠ ಇಂಥವೆಷ್ಟೋ ಆ ಹತ್ತು ಕೋಟಿಯಲ್ಲಿ ಇನ್ನೂ ಸೇರಿಲ್ಲ.